ಆತಪತ್ರದ ಅಡಿಯಲ್ಲಿ

ಗವರ್ನರ್‌ಪೇಟೆಯಲ್ಲಿ ವೈಶಾಖದ ಬಿಸಿಲಿಗೆ ಕೊಡೆ ಬಿಚ್ಚಿ ನಡೆಯುವ ಗಂಡಸನ್ನು ಕಂಡರೆ ಕೆಲವರು ಮುಸಿಮುಸಿ ನಗುವುದುಂಟು. ಕೊಡೆ ಮಳೆಗೆ, ಬಿಸಿಲಿಗೆ ಹಿಡಿಯುವುದೇನಿದ್ದರೂ ಹೆಂಗಸರು ಎಂಬ ಭಾವನೆ. ನಾವೂ ಈ ನಗೆಯನ್ನು ಕಂಡವರೇ. ಆದರೆ ಕೊಡೆಗೆ ಹಿರಿಯರಿಟ್ಟ ಒಂದು ಹೆಸರನ್ನು ನೋಡಿ: ಆತಪತ್ರ. ಆತಪವೆಂದರೆ ಬಿಸಿಲು, ಅದರಿಂದ ಕಾಯುವುದು ಆತಪತ್ರ. ಮಳೆಯ ಸುದ್ದಿಯೇ ಅದರಲ್ಲಿಲ್ಲ.

ಈ ಸೀಮೆಯಲ್ಲಿ ಆತಪತ್ರದ ಮಾತೆತ್ತಿದರೆ ಕನ್ನಡಿಗರಿಗೆ ಬಾದಾಮಿ ನೆನಪಾಗಬೇಕು. ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನ 7ನೆಯ ಶತಮಾನದ ಆರಂಭದಲ್ಲಿ ವೇಂಗಿ ನಾಡನ್ನು ಆಳಲು ಬಂದು ಪೂರ್ವ ಚಾಲುಕ್ಯರ ಮೂಲಪುರುಷನಾದನಷ್ಟೆ. ಆ ವಂಶದ 11ನೆಯ ಶತಮಾನದ ತಾಮ್ರಶಾಸನಗಳು ಕುಲಚಿಹ್ನೆಗಳನ್ನು ಎಣಿಸುವಾಗ ವರಾಹಲಾಂಛನದೊಡನೆ ಶ್ವೇತಾತಪತ್ರವನ್ನೂ ಹೇಳುತ್ತವೆ. ಹಳಗನ್ನಡದ ಬೆಳ್ಗೊಡೆಯೂ ಇದೇ. ಅಂದಹಾಗೆ ನಮ್ಮ ಕೊಡೆ, ಇಲ್ಲಿಯವರ ಗೊಡುಗು, ಎರಡೂ ಒಂದೇ ಬೇರಿನ ಮಾತುಗಳು.

ಬಿಳಿಯ ಬಟ್ಟೆ ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ ಅರಸನ ತಲೆಗೆ ತಂಪೇ ಸರಿ. ಆದರೆ ಕಣ್ಣಿಗೆ ಕಾಣದ, ಮೈಗೆ ಬಿಸಿಯೆಂದೂ ತೋರದ ಒಂದು ಪಾಲು ಬಿಸಿಲಿನಲ್ಲಿದೆಯೆಂದು ತಿಳಿದದ್ದು 1801ರಲ್ಲಿ. ಜರ್ಮನಿಯ ರಿಟರ್ ಎಂಬ ವಿಜ್ಞಾನಿ, ಅಶ್ರಗದಿಂದ ಹರಡಿದ ಬಣ್ಣಗಳಲ್ಲಿ ನೇರಳೆಯ ಆಚೆ, ಏನೂ ಕಾಣದ ಜಾಗದಲ್ಲಿ ಸಿಲ್ವರ್ ಕ್ಲೋರೈಡನ್ನು ಇಟ್ಟ. ಅಲ್ಲಿಯೇ ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು! ಇವೇ ಅತಿನೇರಳೆ ಕಿರಣಗಳು. ಚರ್ಮ ಕಂದುವುದು, ಬೇಗ ಸುಕ್ಕಾಗುವುದು, ಚರ್ಮದ ಕ್ಯಾನ್ಸರ್, ಕಣ್ಣಿನ ಪೊರೆ ಇವುಗಳಲ್ಲಿ ಇವುಗಳ ಕೈವಾಡವುಂಟು.

ಬಟ್ಟೆಯ ದಪ್ಪ, ನೇಯ್ಗೆಗಳು ಒಂದೇ ಆಗಿದ್ದರೆ, ಅರಸರ ಬೆಳ್ಗೊಡೆಗಿಂತ ಗುಮಾಸ್ತರ ಕರಿಕೊಡೆಯೇ ಈ ಕಿರಣಗಳಿಗೆ ಹೆಚ್ಚು ಅಡ್ಡಿ. ಕಪ್ಪು ಬಣ್ಣ ಅವನ್ನು ಹೀರಿಕೊಳ್ಳುತ್ತದೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು ಸಾಧಾರಣ ಕೈಕೊಡೆಗಳನ್ನೇ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದಂತೆ, ಅವು ಶೇಕಡಾ 77ರಿಂದ 99ರಷ್ಟು ಕಿರಣಗಳನ್ನು ತಡೆದವು. ಕಪ್ಪು ಕೊಡೆಗಳಲ್ಲಿ ಯಾವುದೂ 90ಕ್ಕೆ ಕಡಮೆಯಿರಲಿಲ್ಲ.

ಹಾಗೆಂದು ನಿಶ್ಚಿಂತೆಯಿಂದ ಕೂರುವಂತಿಲ್ಲ. ಆಕಾಶವನ್ನು ನೀಲಿಯಾಗಿಸುವ ಬೆಳಕಿನ ಚದರಿಕೆ ಅತಿನೇರಳೆಗೆ ಇನ್ನೂ ಹೆಚ್ಚು. ಆದ್ದರಿಂದ ಅದು ಸೂರ್ಯನ ಕಡೆಯಿಂದಷ್ಟೇ ಅಲ್ಲ, ಇಡೀ ಆಕಾಶದಿಂದ ಬರುತ್ತದೆ, ಮರಳಿನಿಂದಲೂ ಪುಟಿಯುತ್ತದೆ. ಕೊಡೆ ಮುಚ್ಚುವುದು ನೆತ್ತಿಯ ಮೇಲಿನ ಒಂದು ತುಂಡನ್ನು ಮಾತ್ರ. ಟೆಕ್ಸಾಸಿನ ಸರೋವರದ ದಂಡೆಯಲ್ಲಿ ತಿಳಿ ಮೈಬಣ್ಣದವರನ್ನು ಮೂರೂವರೆ ಗಂಟೆ ದೊಡ್ಡ ಕೊಡೆಯ ನೆರಳಿನಲ್ಲಿ ಕೂರಿಸಿದಾಗ ಶೇಕಡಾ 78 ಮಂದಿಯ ಚರ್ಮ ಕಂದಿತ್ತು. ಕೊಡೆಯಿಲ್ಲದೆ ಪ್ರಬಲವಾದ ಲೇಪನ ಹಚ್ಚಿಕೊಂಡವರಲ್ಲಿ 25 ಮಂದಿಗೆ. ಇದು ಪ್ರಕಟವಾದದ್ದು 2017ರಲ್ಲಿ. ನಮ್ಮ ಕಂದು ಮೈಗೆ ಅಷ್ಟು ಬೇಗ ತಾಗದು, ನಿಜ. ಆದರೆ ಬೆಸೆಂಟ್ ರಸ್ತೆಯಲ್ಲಿ ಕೊಡೆಯಡಿ ಹಗಲೆಲ್ಲ ಕೂತು ವ್ಯಾಪಾರ ಮಾಡುವವರ ಲೆಕ್ಕ ಮೂರೂವರೆ ಗಂಟೆಯದಲ್ಲವಲ್ಲ! ಅವರಿಗೆ ತುಂಬುತೋಳಿನ ಅಂಗಿಯೂ ಬೇಕು.

ಈ ಬೇಸಗೆ ನಮ್ಮ ಮನೆಗೆ ಕರಿಯ ಕೊಡೆಯೇ ಆಗಬೇಕೆಂದೆವು. ಮಗಳು ಹೂವಿನ ಕೊಡೆಗೆ ಹಟ ಹಿಡಿದಳು. ಕೊನೆಗೆ ಹೊರಗೆ ಹೂವು, ಒಳಗೆ ಕಪ್ಪು ಇರುವುದೊಂದು ಸಿಕ್ಕಿ ರಾಜಿಯಾಯಿತು.