ನೋಡುವ ಕಣ್ಣಿಗೂ ಪಾಠ ಬೇಕು

ಶಾಲೆಯಲ್ಲಿ ಇನ್ಸ್‌ಪೆಕ್ಷನ್ ಎಂಬ ಮಾತು ಕಿವಿಗೆ ಬಿದ್ದರೆ ಏನೇನು ನಡೆಯುತ್ತದೆಂದು ಶಿಕ್ಷಕಿಯರಿರುವ ಮನೆಯವರಿಗೆಲ್ಲ ಗೊತ್ತು. ಗೋಡೆಯ ಚಾರ್ಟುಗಳ ಧೂಳು ಹಾರುತ್ತದೆ, ಪಾಠಟಿಪ್ಪಣಿಯ ಪುಸ್ತಕಕ್ಕೆ ಹೊಸ ರಟ್ಟು ಬರುತ್ತದೆ, ಬೀರುವಿನ ಇಸ್ತ್ರಿ ಸೀರೆ ಹೊರಗೆ ಬರುತ್ತದೆ. ಒಂದು ಲೆಕ್ಕದಲ್ಲಿ ಇದು ಹೆಣ್ಣು ನೋಡುವ ಶಾಸ್ತ್ರವೇ. ಬಂದವರು ಅರ್ಧ ಗಂಟೆ ಕೂರುತ್ತಾರೆ, ಒಂದೆರಡು ಪ್ರಶ್ನೆ ಕೇಳುತ್ತಾರೆ, ಕಾಫಿ ಕುಡಿದು ಹೊರಡುತ್ತಾರೆ. ಏನನ್ನು ಮೆಚ್ಚಿದರು, ಯಾವುದಕ್ಕೆ ಮೂಗು ಮುರಿದರು ಎಂಬುದು ನೋಡಿಸಿಕೊಂಡವಳಿಗೆ ತಿಳಿಯುವುದೇ ಇಲ್ಲ. ಪಾಠ ಹೇಳುವವರಿಗೆ ತರಬೇತಿ ಬೇಕೆಂದು ನಮ್ಮಿಂದ ಬಿ.ಎಡ್. ಮಾಡಿಸುತ್ತಾರೆ, ಸರಿ. ಪಾಠ ನೋಡಿ ಅಂಕ ಕೊಡುವವರಿಗೆ? ಈ ಪ್ರಶ್ನೆಯನ್ನಿಟ್ಟುಕೊಂಡು ಹಳೆಯ ಕಥೆಯನ್ನು ಕೆದಕಿದಾಗ ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮ ದೇಶಕ್ಕೆ ಸರ್ಕಾರಿ ಶಾಲಾ ತಪಾಸಣೆ ಬಂದದ್ದು 1854ರ ವುಡ್ಸ್ ಡೆಸ್ಪ್ಯಾಚಿನ ಬೆನ್ನಿಗೆ. ಪ್ರಾಂತ ಪ್ರಾಂತಕ್ಕೂ ವಿದ್ಯಾ ಇಲಾಖೆ ಬೇಕು, ಅದರ ಕೈಕೆಳಗೆ ಇನ್ಸ್‌ಪೆಕ್ಟರುಗಳಿರಬೇಕು ಎಂದು ಅದು ಹೇಳಿತು. ಮೈಸೂರಿನಲ್ಲಿ 1857ರಲ್ಲಿ ಇಲಾಖೆ ಆರಂಭವಾಯಿತು. ಆ ಕಾಲದ ಇನ್ಸ್‌ಪೆಕ್ಟರುಗಳಲ್ಲಿ ದೊಡ್ಡವರೇ ಇದ್ದರು. ಧಾರವಾಡದ ಕಡೆ ಇಂದಿಗೂ ‘ಡೆಪ್ಯುಟಿ ಚನ್ನಬಸಪ್ಪ’ ಎಂದೇ ನೆನೆಯುವ ಹಿರಿಯರ ಹೆಸರಿಗೆ ಅಂಟಿದ ಆ ‘ಡೆಪ್ಯುಟಿ’ ಶಾಲಾ ತಪಾಸಣೆಯ ಹುದ್ದೆಯದೇ. ಮರಾಠಿಯ ಮೇಲುಗೈ ಇದ್ದ ಕಾಲದಲ್ಲಿ ಅವರು ಕನ್ನಡ ಶಾಲೆಗಳಿಗಾಗಿ ಊರೂರು ತಿರುಗಿದರು. ಮೈಸೂರು, ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರಾಗಿದ್ದ ಬಿ. ಎಲ್. ರೈಸ್ ಅವರಿಗೆ ಶಾಲೆಗಳನ್ನು ನೋಡಲು ಹೊರಟ ದಾರಿಯಲ್ಲೇ ಶಿಲಾಶಾಸನಗಳು ಕಂಡವು. ಕಲ್ಲಿನ ಅಕ್ಷರ ಓದುವುದನ್ನು ಅವರು ಪಂಡಿತರ ನೆರವಿನಿಂದ ವರ್ಷಗಟ್ಟಲೆ ಕಲಿತರು. ತರಗತಿಯನ್ನು ಓದುವುದು ಮಾತ್ರ ಕುರ್ಚಿಯ ಜೊತೆಗೇ ಬರುವ ವಿದ್ಯೆ ಎಂದು ಎಲ್ಲರೂ ತಿಳಿದಿದ್ದರು!

ಅದೇ ವೇಳೆಗೆ ಇಂಗ್ಲೆಂಡಿನಲ್ಲಿ ಬೇರೊಂದು ಪ್ರಯೋಗ ನಡೆಯಿತು. 1862ರಲ್ಲಿ ರಾಬರ್ಟ್ ಲೋ ಎಂಬ ಮಂತ್ರಿ ‘ಫಲ ನೋಡಿ ಹಣ’ ಎಂಬ ಕಟ್ಟಳೆ ತಂದರು. ಒಂದು ಮಗುವಿನ ಲೆಕ್ಕಕ್ಕೆ ಶಾಲೆಗೆ ಹಾಜರಿಯಿಂದ 4 ಷಿಲಿಂಗ್, ಪರೀಕ್ಷೆಯಿಂದ 8 ಷಿಲಿಂಗ್. ಓದು, ಬರಹ, ಲೆಕ್ಕಗಳಲ್ಲಿ ಒಂದರಲ್ಲಿ ಮಗು ತಪ್ಪಿದರೆ 2 ಷಿಲಿಂಗ್ 8 ಪೆನ್ಸ್ ಖೋತಾ. ಇನ್ಸ್‌ಪೆಕ್ಟರು ಪಾಠವನ್ನೇ ನೋಡಬೇಕಾಗಿರಲಿಲ್ಲ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದರೆ ಮುಗಿಯಿತು. ಮಕ್ಕಳು ವಾಚನ ಪುಸ್ತಕವನ್ನು ಬಾಯಿಪಾಠ ಮಾಡಿದರು, ಶಿಕ್ಷಕರು ಮಾಡಿಸಿದರು. ಸ್ವತಃ 35 ವರ್ಷ ಇನ್ಸ್‌ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಇದನ್ನು ಬಲವಾಗಿ ಖಂಡಿಸಿದರು. ಆದರೂ ಆ ಪದ್ಧತಿ 1890ರ ದಶಕದವರೆಗೆ ಉಳಿಯಿತು. ಮದ್ರಾಸು, ಮುಂಬಯಿ ಪ್ರಾಂತಗಳಿಗೂ ಬಂತು, ಎಂದರೆ ಅವುಗಳಲ್ಲಿ ಹಂಚಿಹೋಗಿದ್ದ ನಮ್ಮ ಕನ್ನಡ ಜಿಲ್ಲೆಗಳಿಗೂ. ಇಲ್ಲಿ ಅದು ತೊಲಗಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ.

ಸ್ವಾತಂತ್ರ್ಯ ಬಂದ ಮೇಲೆ ಲಕ್ಷ್ಮಣಸ್ವಾಮಿ ಮೊದಲಿಯಾರರ ಆಯೋಗ 1953ರಲ್ಲಿ ಒಂದು ವಿವೇಕದ ಮಾತು ಹೇಳಿತು. ಇನ್ಸ್‌ಪೆಕ್ಟರು ಒಬ್ಬರೇ ಹೋಗಿ ತೀರ್ಪು ಕೊಡುವುದು ಬೇಡ, ಅನುಭವಿ ಶಿಕ್ಷಕರನ್ನೋ ಮುಖ್ಯೋಪಾಧ್ಯಾಯರನ್ನೋ ಜೊತೆಗೆ ಕರೆದೊಯ್ಯಲಿ, ಶಾಲೆಯಲ್ಲಿ ಎರಡು ಮೂರು ದಿನ ಇರಲಿ, ಅಧಿಕಾರಿಗಿಂತ ಸಲಹೆಗಾರರಾಗಲಿ ಎಂದು. 1964–66ರ ಕೊಠಾರಿ ಆಯೋಗ ಆಡಳಿತದ ಕೆಲಸವನ್ನೂ ಪಾಠದ ಮೇಲ್ವಿಚಾರಣೆಯನ್ನೂ ಬೇರ್ಪಡಿಸಿ ಎಂದಿತು. ಸಂಬಳದ ಬಿಲ್ಲಿಗೆ ರುಜು ಹಾಕುವ ಕೈಯೇ ಪಾಠಕ್ಕೂ ಅಂಕ ಹಾಕಿದರೆ ಶಿಕ್ಷಕಿ ಮನಸ್ಸು ಬಿಚ್ಚಿ ಮಾತಾಡುವುದುಂಟೆ?

ಇದು ಬರಿಯ ಕಾಗದದ ಮಾತಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಶಾಲೆಯಲ್ಲಿ ನನ್ನ ಜೊತೆ ಒಬ್ಬ ಶಿಕ್ಷಕಿಯಿದ್ದರು. ಮೆತ್ತಗಿನ ದನಿ. ಮಕ್ಕಳನ್ನು ಐದೈದು ಜನರ ಗುಂಪು ಮಾಡಿ, ಅವರವರಲ್ಲೇ ಚರ್ಚೆ ಮಾಡಿಸಿ ಉತ್ತರ ಹೊರಡಿಸುತ್ತಿದ್ದರು. ನೋಡಲು ಬಂದವರು ಹತ್ತು ನಿಮಿಷ ನಿಂತು, ‘ತರಗತಿಯಲ್ಲಿ ಗದ್ದಲ, ಹಿಡಿತ ಸಾಲದು’ ಎಂದು ಬರೆದು ಹೋದರು. ಪಕ್ಕದ ಕೊಠಡಿಯಲ್ಲಿ ಗಟ್ಟಿಯಾಗಿ ಪಾಠ ಓದಿಸುತ್ತಿದ್ದವರಿಗೆ ‘ಉತ್ತಮ’ ಸಿಕ್ಕಿತು. ಅಂದಿನಿಂದ ಆಕೆ ಮಕ್ಕಳನ್ನು ಮಾತಾಡಿಸುವುದನ್ನೇ ನಿಲ್ಲಿಸಿದರು. ಮುಂದಿನ ತಪಾಸಣೆಯಲ್ಲಿ ಅವರಿಗೂ ‘ಉತ್ತಮ’ ಬಂತು. ನಷ್ಟ ಯಾರಿಗಾಯಿತು, ನೀವೇ ಹೇಳಿ.

ನೋಡಿದವರು ಕೆಟ್ಟವರೇನಲ್ಲ. ಮನುಷ್ಯರ ಕಣ್ಣೇ ಹಾಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ಥಾರ್ನ್‌ಡೈಕ್ 1920ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಸೈನ್ಯದ ಮೇಲಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆಗಳಿಗೆ ಬೇರೆ ಬೇರೆ ಅಂಕ ಕೊಡಬೇಕಿತ್ತು. ಮೈಕಟ್ಟು ಚೆನ್ನಾಗಿದ್ದವನಿಗೆ ಬುದ್ಧಿಯ ಅಂಕವೂ ಏರಿತ್ತು, ನಡತೆಯದೂ ಏರಿತ್ತು! ಒಂದು ಗುಣದ ಹೊಳಪು ಉಳಿದೆಲ್ಲವನ್ನೂ ಬೆಳಗಿಬಿಡುತ್ತದೆ. ಇದಕ್ಕೆ ಪ್ರಭಾವಳಿ ದೋಷ ಎನ್ನಬಹುದು. ದೇವರ ಹಿಂದಿನ ಬೆಳ್ಳಿ ಪ್ರಭಾವಳಿ ಝಗಝಗಿಸಿದರೆ ಮೂರ್ತಿಯ ಮುಖ ಯಾರಿಗೆ ಕಾಣುತ್ತದೆ? ಕರಿಹಲಗೆಯ ಮೇಲಿನ ದುಂಡು ಅಕ್ಷರ, ಅಚ್ಚುಕಟ್ಟಾದ ಸೀರೆ, ಏರುದನಿ ಇವೆಲ್ಲ ನಮ್ಮ ಪ್ರಭಾವಳಿಗಳು.

ನಮ್ಮ ಬಿ.ಎಡ್. ಪುಸ್ತಕಗಳಲ್ಲಿ ಫ್ಲಾಂಡರ್ಸ್ ಎಂಬ ಹೆಸರನ್ನು ಪರೀಕ್ಷೆಗೆಂದು ಓದಿ ಮರೆತವರೇ ಹೆಚ್ಚು. ಆತ ಮಾಡಿದ್ದು ಸರಳ ಕೆಲಸ. ತರಗತಿಯ ಮಾತುಕತೆಯನ್ನು ಹತ್ತು ಬಗೆ ಮಾಡಿದ: ಏಳು ಶಿಕ್ಷಕರ ಮಾತಿಗೆ, ಎರಡು ಮಕ್ಕಳ ಮಾತಿಗೆ, ಒಂದು ಮೌನ ಅಥವಾ ಗೊಂದಲಕ್ಕೆ. ನೋಡುವವರು ಮೂರು ಸೆಕೆಂಡಿಗೊಮ್ಮೆ ಒಂದು ಸಂಖ್ಯೆ ಗುರುತು ಹಾಕಬೇಕು. ನಲವತ್ತು ನಿಮಿಷದ ಪೀರಿಯಡ್ಡಿಗೆ 800 ಗುರುತು. ಮೂಗು ಮುರಿಯಲು ಪುರಸೊತ್ತೆಲ್ಲಿ! ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಇಬ್ಬರು ಒಂದೇ ಪಾಠ ನೋಡಿ ಹಾಕಿದ ಗುರುತುಗಳು ಸಾಕಷ್ಟು ತಾಳೆಯಾಗುವವರೆಗೆ ಅಭ್ಯಾಸ ಮಾಡಿಯೇ ನಿಜವಾದ ತರಗತಿಗೆ ಹೋಗಬೇಕು. ನೋಡುವವರೂ ಪರೀಕ್ಷೆಗೆ ಕೂರಬೇಕೆಂಬ ವಿಚಾರಕ್ಕೆ ಹೀಗೆ ಬಲ ಬಂತು.

ಈ ಶತಮಾನದಲ್ಲಿ ಅದು ಇನ್ನಷ್ಟು ಬೆಳೆದಿದೆ. ತರಬೇತಿಗೆ ಬಂದವರಿಗೆ ವಿಡಿಯೋ ಪಾಠ ತೋರಿಸುತ್ತಾರೆ. ಮೊದಲು ಕಂಡದ್ದು, ಕೇಳಿದ್ದು ಮಾತ್ರ ಬರೆಯಬೇಕು. ‘ಮಕ್ಕಳಿಗೆ ಆಸಕ್ತಿಯಿಲ್ಲ’ ಎಂದು ಬರೆಯುವಂತಿಲ್ಲ. ‘ಹನ್ನೆರಡು ಪ್ರಶ್ನೆ ಕೇಳಿದರು, ಒಂಬತ್ತಕ್ಕೆ ಮುಂದಿನ ಬೆಂಚಿನವರೇ ಉತ್ತರಿಸಿದರು’ ಎಂದು ಬರೆಯಬೇಕು. ಆಮೇಲೆ ಅದನ್ನು ಅಳತೆಪಟ್ಟಿಗೆ ಹೋಲಿಸಿ, ಕೊನೆಗೆ ಅಂಕ. ನುರಿತವರು ಮೊದಲೇ ಹಾಕಿಟ್ಟ ಅಂಕದ ಹತ್ತಿರ ಬಂದವರಿಗಷ್ಟೇ ತರಗತಿಗೆ ಹೋಗುವ ಅನುಮತಿ. ತಕ್ಕಡಿಯಂತೆ ಕಣ್ಣೂ ಕಾಲಕ್ರಮದಲ್ಲಿ ಜಾರುವುದರಿಂದ ಆಗಾಗ ಮತ್ತೆ ಪರೀಕ್ಷೆ. ಅಮೆರಿಕದಲ್ಲಿ ಗೇಟ್ಸ್ ಪ್ರತಿಷ್ಠಾನ 2009ರಿಂದ ಸುಮಾರು 3000 ಶಿಕ್ಷಕರನ್ನಿಟ್ಟುಕೊಂಡು ನಡೆಸಿದ ದೊಡ್ಡ ಅಧ್ಯಯನದಲ್ಲಿ ಒಂದು ಸಂಗತಿ ತಿಳಿಯಿತು. ಒಬ್ಬರೇ ಎರಡು ಪಾಠ ನೋಡುವುದಕ್ಕಿಂತ ಎರಡು ಪಾಠವನ್ನು ಇಬ್ಬರು ಬೇರೆ ಬೇರೆ ನೋಡಿದರೆ ಅಂಕ ಹೆಚ್ಚು ನಂಬಿಕೆಗೆ ಯೋಗ್ಯ. ಮೊದಲಿಯಾರರು ಜೊತೆಗಾರರು ಬೇಕೆಂದದ್ದು ನೆನಪಾಗುವುದಿಲ್ಲವೇ?

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ತಟ್ಟಿತು. 2014ರಲ್ಲಿ ಬ್ರೂಕಿಂಗ್ಸ್ ಸಂಸ್ಥೆಯವರು ಅಲ್ಲಿನ ನಾಲ್ಕು ಜಿಲ್ಲೆಗಳ ದಾಖಲೆ ತೆಗೆದು ನೋಡಿದರೆ, ಮೊದಲೇ ಚೆನ್ನಾಗಿ ಓದುವ ಮಕ್ಕಳಿದ್ದ ಶಿಕ್ಷಕರಿಗೆ ಸರಾಸರಿಯಲ್ಲಿ ಹೆಚ್ಚು ಅಂಕ ಬಿದ್ದಿತ್ತು. ‘ಎ’ ವಿಭಾಗದವರಿಗೆ ಶಹಬ್ಬಾಸ್, ‘ಬಿ’ ವಿಭಾಗದವರಿಗೆ ಉಪದೇಶ! ಇದನ್ನು ಅಂಕ ಹಾಕುವ ವ್ಯವಸ್ಥೆಯೇ ಸರಿತೂಗಿಸಬೇಕು, ಕಣ್ಣಿನ ಅಭ್ಯಾಸವೊಂದೇ ಸಾಲದು.

ಇದನ್ನೆಲ್ಲ ಈಗ ಯಾಕೆ ಹೇಳುತ್ತಿದ್ದೇನೆಂದರೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರ ಬಡ್ತಿ, ವೇತನ ಹೆಚ್ಚಳಗಳು ಬರೀ ಸೇವಾವಧಿ ನೋಡಿ ಅಲ್ಲ, ಮೌಲ್ಯಮಾಪನ ನೋಡಿ ಆಗಬೇಕು ಎನ್ನುತ್ತದೆ. ಒಳ್ಳೆಯದೇ. ಚೆನ್ನಾಗಿ ಪಾಠ ಮಾಡುವವರಿಗೂ ಮಾಡದವರಿಗೂ ಒಂದೇ ತಕ್ಕಡಿಯಾಗಬಾರದು. ಆದರೆ ಅಂಕ ನಮ್ಮ ಅನ್ನಕ್ಕೆ ತಗುಲಿಕೊಂಡ ದಿನ, ಅದನ್ನು ಹಾಕುವ ಕೈ ಪಳಗಿದೆಯೇ ಎಂದು ಕೇಳುವ ಹಕ್ಕು ನಮಗಿರಬೇಕು. ಕಂಡದ್ದನ್ನು ಬರೆದಿದ್ದೀರಾ, ಇಬ್ಬರು ನೋಡಿದಿರಾ, ಬರೆದದ್ದನ್ನು ನಮಗೆ ತೋರಿಸುವಿರಾ? ಇಷ್ಟು ಕೇಳಿದರೆ ಅವಿಧೇಯತೆಯಾಗುವುದಿಲ್ಲ.

ವಿಷಯ ಪರಿವೀಕ್ಷಕರಿಗೂ ಸಿ.ಆರ್.ಪಿ.ಗಳಿಗೂ ಅಂಥ ತರಬೇತಿ ನಡೆಸುವವರಿಗೆ ಅಭ್ಯಾಸಕ್ಕೊಂದು ಪಾಠ ಬೇಕಾದರೆ ನನ್ನ ಎಂಟನೇ ತರಗತಿ ‘ಬಿ’ ವಿಭಾಗಕ್ಕೆ ಬರಲಿ, ವಿಡಿಯೋ ಮಾಡಿಕೊಳ್ಳಲಿ. ಗದ್ದಲವಿರುತ್ತದೆ. ಆ ಗದ್ದಲದಲ್ಲಿ ಮಕ್ಕಳು ಏನು ಮಾತಾಡುತ್ತಿದ್ದಾರೆಂದು ಹತ್ತಿರ ಕೂತು ಕೇಳಿ ಬರೆದುಕೊಳ್ಳಬೇಕು, ಅಷ್ಟೆ.