ಶರಣರ ಹೆಸರುಗಳೂ ಮಕ್ಕಳ ನಾಮಕರಣವೂ

ತಾನು ಬೇಡದೆ, ತಾನು ಗಳಿಸದೆ ಹಿರಿಯರಿಂದ ಮಗುವಿಗೆ ದೊರೆಯುವ ಮೊದಲ ಆಸ್ತಿ ಹೆಸರು. ಬಾಳಿನುದ್ದಕ್ಕೂ ಅದನ್ನು ಹೊತ್ತು ನಡೆಯಬೇಕಾದುದರಿಂದ ಹೆಸರಿನ ಮೂಲವನ್ನೂ ಅರ್ಥವನ್ನೂ ಅರಿಯುವುದು ಅಗತ್ಯವಾಗಿದೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಎನ್. ಬೇಗೂರನ್ನೊಳಗೊಂಡ ಕಪಿಲಾ ಸೀಮೆಯ ಹೆಸರುಗಳನ್ನೇ ನೋಡಬಹುದು. ಮಹದೇವಪ್ಪ, ಮಹದೇವಮ್ಮ, ನಂಜುಂಡಸ್ವಾಮಿ, ನಂಜಮ್ಮ, ಬಸವರಾಜು, ಬಸಮ್ಮ ಮೊದಲಾದವು ಈ ಭಾಗದಲ್ಲಿ ತಲೆಮಾರುಗಳಿಂದ ನಡೆದುಬಂದಿವೆ. ನಂಜುಂಡ ಎಂದರೆ ನಂಜನ್ನು ಉಂಡವನು. ಹಾಲಾಹಲವನ್ನು ಕುಡಿದ ಶಿವನನ್ನು ಸಂಸ್ಕೃತವು ಶ್ರೀಕಂಠನೆಂದು ಕರೆದರೆ ಕನ್ನಡಿಗರು ತಮ್ಮ ಮನೆಮಾತಿನಲ್ಲಿಯೇ ಹೀಗೆ ಕರೆದರು. ಮಹದೇವ ಎಂಬ ಹೆಸರಿನ ಹಿಂದೆ ಮಲೆಯ ಮಾದಪ್ಪನ ಭಕ್ತಿಯಿದೆ. ಮಲೆ ಮಹದೇಶ್ವರರ ಒಕ್ಕಲಿನಲ್ಲಿ ಲಿಂಗಾಯತರು, ಸೋಲಿಗರು, ಕುರುಬರು, ಬೇಡರು, ದಲಿತರು ಎಲ್ಲರೂ ಇರುವುದರಿಂದ ಈ ಹೆಸರು ಜಾತಿಯ ಬೇಲಿಯನ್ನು ದಾಟಿ ಬೆಳೆಯಿತು.

ಬಸವ ಎಂಬುದು ಸಂಸ್ಕೃತದ ವೃಷಭ ಶಬ್ದದ ತದ್ಭವ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಇಂತಹ ತದ್ಭವಗಳನ್ನು ವಿವೇಚಿಸಿದ್ದಾನೆ. ಗುಡಿಯಲ್ಲಿ ನಂದಿಯಾಗಿಯೂ ಹೊಲದಲ್ಲಿ ಎತ್ತಾಗಿಯೂ ಇರುವ ಬಸವನ ಹೆಸರು ಭಕ್ತಿ ಮತ್ತು ದುಡಿಮೆ ಎರಡನ್ನೂ ಒಟ್ಟಿಗೆ ನೆನಪಿಸುತ್ತದೆ.

ಆದರೆ ನಿಘಂಟು ಹೇಳುವ ಅರ್ಥದಲ್ಲಿಯೇ ಹೆಸರಿನ ಹಿರಿಮೆ ಮುಗಿಯುವುದಿಲ್ಲ. 12ನೆಯ ಶತಮಾನದ ಕಲ್ಯಾಣದತ್ತ ತಿರುಗಿದರೆ ಇದು ಸ್ಪಷ್ಟವಾಗುತ್ತದೆ. ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ: ಈ ಹೆಸರುಗಳ ಮೊದಲಲ್ಲಿ ಕಾಯಕ ಅಥವಾ ಕುಲದ ಗುರುತು, ಕೊನೆಯಲ್ಲಿ ‘ಅಯ್ಯ’, ‘ಅಮ್ಮ’ ಎಂಬ ಗೌರವ. ಸಮಾಜವು ಹೀನವೆಂದು ಎಣಿಸಿದ ಗುರುತನ್ನು ಶರಣರು ಮುಚ್ಚಿಡಲಿಲ್ಲ, ಅದರ ಜೊತೆಗೆ ಗೌರವವನ್ನು ಸೇರಿಸಿದರು. ವೇಶ್ಯಾವೃತ್ತಿಯಲ್ಲಿದ್ದ ಸಂಕವ್ವೆಯೂ ವಚನ ಪರಂಪರೆಯಲ್ಲಿ ‘ಅವ್ವೆ’ಯಾಗಿಯೇ ಉಳಿದಿದ್ದಾಳೆ.

ಕಲ್ಯಾಣದಲ್ಲಿದ್ದ ಇಬ್ಬರು ಮಾರಯ್ಯಗಳನ್ನು ನೋಡಬಹುದು. ಒಬ್ಬರು ಅಕ್ಕಿಯನ್ನು ಆಯುವ ಆಯ್ದಕ್ಕಿ ಮಾರಯ್ಯನವರು, ಇನ್ನೊಬ್ಬರು ಸೌದೆಯ ಹೊರೆ ಮಾರುವ ಮೋಳಿಗೆ ಮಾರಯ್ಯನವರು. ಪರಂಪರೆಯ ಕಥನದಂತೆ ಮೋಳಿಗೆ ಮಾರಯ್ಯನವರು ಮೊದಲು ಕಾಶ್ಮೀರದ ಅರಸ ಮಹಾದೇವ ಭೂಪಾಲ. ‘ಭೂಪಾಲ’ ಎಂಬ ಪದವಿಯನ್ನು ಇಳಿಸಿ ‘ಮೋಳಿಗೆ’ಯನ್ನು ಹೆಸರಿಗೆ ಏರಿಸಿಕೊಂಡ ಈ ಕಥೆ, ಶರಣರು ದೊಡ್ಡ ಹೆಸರೆಂದು ಯಾವುದನ್ನು ತಿಳಿದಿದ್ದರೆಂಬುದನ್ನು ಹೇಳುತ್ತದೆ.

ಈ ಪಾಠವನ್ನು ಮುಂದಿನ ಸಮಾಜ ಪೂರ್ಣವಾಗಿ ಉಳಿಸಿಕೊಳ್ಳಲಿಲ್ಲ. ಹಳ್ಳಿಗಳಲ್ಲಿ ಉಳ್ಳವರ ಮನೆಯ ಮಗು ‘ಮಾದಪ್ಪ’ನಾದರೆ ಕೇರಿಯ ಮಗು ಬರಿಯ ‘ಮಾದ’ನಾಯಿತು. ಒಂದೇ ದೇವರ ಹೆಸರು, ಕರೆಯುವ ಬಾಯಿ ಮಾತ್ರ ಎರಡು ಬಗೆ. ನರೆತ ತಲೆಯ ಹಿರಿಯರನ್ನೂ ಚಿಕ್ಕ ಹುಡುಗರು ಏಕವಚನದಲ್ಲಿ ಕೂಗುತ್ತಿದ್ದ ಕಾಲವದು. ‘ಅಯ್ಯ’ ಎಂಬ ಎರಡಕ್ಷರವನ್ನು ಕಿತ್ತುಕೊಂಡರೆ ಮನುಷ್ಯನಿಂದ ಏನನ್ನು ಕಿತ್ತುಕೊಂಡಂತಾಗುತ್ತದೆ ಎಂಬುದನ್ನು ಅದು ತೋರಿಸಿತು.

ಇಂದು ಅನೇಕ ತಂದೆತಾಯಿಗಳು ಜನ್ಮನಕ್ಷತ್ರದ ಅಕ್ಷರವನ್ನು ಹಿಡಿದು, ಯಾರೂ ಇಟ್ಟಿರದ ಹೆಸರನ್ನು ಅರಸುತ್ತಾರೆ. ಶರಣರು ತಿಥಿ ನಕ್ಷತ್ರಗಳ ಗೊಡವೆಯನ್ನು ಬಿಟ್ಟವರು. ಹೆಸರು ಅಪರೂಪದ್ದಾಗಿರಬೇಕೆಂದು ಬಯಸಿದವರೂ ಅಲ್ಲ. ಹೊಸ ಹೆಸರನ್ನಿಡುವುದು ತಪ್ಪಲ್ಲ. ಆದರೆ ಅಜ್ಜನ, ಅಜ್ಜಿಯ ಹೆಸರನ್ನು ಹಳ್ಳಿಯದೆಂದು ನಾಚಿ ಬಿಡುವ ಮುನ್ನ ಅದರೊಳಗಿನ ಚರಿತ್ರೆಯನ್ನು ಒಮ್ಮೆ ಕೇಳಿ ತಿಳಿಯಬೇಕು.

ತೊಟ್ಟಿಲ ಕೂಸಿನ ಕಿವಿಯಲ್ಲಿ ಯಾವ ಹೆಸರನ್ನೇ ಉಸುರಿದರೂ, ಅದರೊಡನೆ ಇನ್ನೊಂದು ಸಂಸ್ಕಾರವೂ ಸೇರಬೇಕು. ತನ್ನ ಹೆಸರನ್ನು ಇತರರು ಹೇಗೆ ಕರೆಯಬೇಕೆಂದು ಮಗು ಬಯಸುತ್ತದೆಯೋ, ಮನೆಗೆಲಸದವರನ್ನೂ ಹೊಲದಲ್ಲಿ ದುಡಿಯುವವರನ್ನೂ ಹಾಗೆಯೇ ಪೂರ್ಣ ಹೆಸರಿನಿಂದ, ಗೌರವದಿಂದ ಕರೆಯಲು ಅದು ಕಲಿಯಬೇಕು. ಶರಣರ ನಾಮಕರಣ ಅಲ್ಲಿಗೆ ಪೂರ್ಣವಾಗುತ್ತದೆ.