ಲಂಡನ್ ನಗರದ ನಾಟಕಶಾಲೆಗಳೂ ಮಾರೀಸಂಖ್ಯೆಯೂ

ಕ್ರಿ.ಶ. ೧೬೦೪ನೆಯ ಇಸವಿ ಏಪ್ರಿಲ್ ೯ರಲ್ಲಿ ಇಂಗ್ಲೆಂಡಿನ ದೊರೆಯ ಪ್ರಿವಿ ಕೌನ್ಸಿಲ್ ಎಂಬ ಮಂತ್ರಾಲೋಚನ ಸಭೆಯವರು ಲಂಡನ್ ನಗರದ ಮೇಯರನಿಗೂ ಸುತ್ತಣ ಪ್ರಾಂತಗಳ ನ್ಯಾಯಾಧಿಕಾರಿಗಳಿಗೂ ಒಂದು ಪತ್ರವನ್ನು ಕಳುಹಿಸಿದರು. ಹಿಂದಿನ ವರ್ಷದಲ್ಲಿ ಆ ನಗರದ ಮೂವತ್ತು ಸಾವಿರಕ್ಕೂ ಮಿಕ್ಕ ಜನರು ಪ್ಲೇಗಿನಿಂದ ಮೃತರಾಗಿದ್ದರು. ನಾಟಕಶಾಲೆಗಳು ಸುಮಾರು ಒಂದು ವರ್ಷಕಾಲ ಮುಚ್ಚಿದ್ದವು. ಪತ್ರದ ತಾತ್ಪರ್ಯವಿದು: ಕ್ರೈಸ್ತರ ಉಪವಾಸದ ಪರ್ವಕಾಲವು ಕಳೆದುದರಿಂದ ದೊರೆಯ, ರಾಣಿಯ ಮತ್ತು ಯುವರಾಜನ ನಟಮಂಡಲಿಗಳವರು ಗ್ಲೋಬ್, ಫಾರ್ಚ್ಯೂನ್, ಕರ್ಟನ್ ಎಂಬ ಮೂರು ಶಾಲೆಗಳಲ್ಲಿ ಆಡಬಹುದು, ಆದರೆ ನಗರದಲ್ಲಿಯೂ ಅದಕ್ಕೆ ಸೇರಿದ ಹೊರವಲಯದಲ್ಲಿಯೂ ಪ್ಲೇಗಿನಿಂದ ಸಾಯುವವರ ಸಂಖ್ಯೆಯು ವಾರಕ್ಕೆ ೩೦ನ್ನು ಮೀರಿದರೆ ಆಟವನ್ನು ನಿಲ್ಲಿಸತಕ್ಕದ್ದು, ಅದು ಪುನಃ ಆ ಸಂಖ್ಯೆಗೆ ಇಳಿಯುವವರೆಗೆ ಆಡತಕ್ಕದ್ದಲ್ಲ.

ಮಾರೀಕಾಲದಲ್ಲಿ ಜನಸಮೂಹವನ್ನು ತಡೆಯುವ ಆಜ್ಞೆಗಳು ಅನೇಕ ದೇಶಗಳ ಚರಿತ್ರೆಯಲ್ಲಿ ದೊರೆಯುತ್ತವೆ. ಮುಚ್ಚಿದ ಶಾಲೆಯನ್ನು ಯಾವ ಪ್ರಮಾಣದ ಮೇಲೆ ತೆರೆಯಬೇಕೆಂಬುದನ್ನು ಮುಂಚಿತವಾಗಿಯೇ ಒಂದು ಸಂಖ್ಯೆಯಿಂದ ಕಟ್ಟಿಟ್ಟ ಆಜ್ಞೆಗಳು ವಿರಳ. ಆದಕಾರಣ ಈ ಮೂವತ್ತೆಂಬ ಸಂಖ್ಯೆಯು ಎಲ್ಲಿಂದ ಬಂದಿತು, ಅದು ಏನನ್ನು ಎಣಿಸುತ್ತಿತ್ತು, ಏನನ್ನು ಎಣಿಸದೆ ಬಿಡುತ್ತಿತ್ತು ಎಂಬುದು ವಿಚಾರಾರ್ಹವಾಗಿದೆ. ಷೇಕ್ಸ್‌ಪಿಯರನ ನಾಟಕಗಳನ್ನು ಪಾಠಹೇಳುವವರು ಆ ಕವಿಯ ಜೀವನಕಾಲದ ಹಲವು ವರ್ಷಗಳನ್ನು ಈ ಸಂಖ್ಯೆಯೇ ಆಳುತ್ತಿತ್ತೆಂಬುದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಲಂಡನ್ನಿನಲ್ಲಿ ನಾಟಕಕ್ಕೆಂದೇ ಕಟ್ಟಿದ ಶಾಲೆಗಳು ಬಹಳ ಹಳೆಯವಲ್ಲ. ೧೫೬೭ರಲ್ಲಿ ರೆಡ್ ಲಯನ್ ಎಂಬುದೂ, ೧೫೭೬ರಲ್ಲಿ ಜೇಮ್ಸ್ ಬರ್ಬೇಜನು ಕಟ್ಟಿಸಿದ ಥಿಯೇಟರ್ ಎಂಬುದೂ, ೧೫೮೭ರಲ್ಲಿ ರೋಸ್, ೧೫೯೯ರಲ್ಲಿ ಗ್ಲೋಬ್ ಎಂಬುವೂ ಹುಟ್ಟಿದುವು. ಇವೆಲ್ಲವೂ ಮೇಯರನ ಅಧಿಕಾರದ ಎಲ್ಲೆಯಿಂದ ಹೊರಗೆ, ಬಯಲುಗಳಲ್ಲಿಯೋ ಥೇಮ್ಸ್ ನದಿಯ ದಕ್ಷಿಣ ದಡದಲ್ಲಿಯೋ ಇದ್ದವು. ೧೫೯೬ರ ಸುಮಾರಿನಲ್ಲಿ ನಗರಕ್ಕೆ ಬಂದ ಡಚ್ಚರ ಪ್ರವಾಸಿಯೊಬ್ಬನು ಸ್ವಾನ್ ಎಂಬ ಶಾಲೆಯಲ್ಲಿ ಮೂರು ಸಾವಿರ ಜನರು ಹಿಡಿಯುವರೆಂದು ಬರೆದಿಟ್ಟಿದ್ದಾನೆ. ನಡುವಣ ಅಂಗಳಕ್ಕೆ ಛಾವಣಿಯಿರಲಿಲ್ಲ; ಕಡಮೆ ಹಣ ಕೊಟ್ಟವರು ಅಲ್ಲಿ ಒತ್ತಾಗಿ ನಿಂತು ನೋಡುತ್ತಿದ್ದರು. ರೋಗವು ನಗರದ ಒಳಗೆ, ಶಾಲೆಗಳು ಹೊರಗೆ, ನಟರು ರಾಜಾಶ್ರಿತರು: ಈ ಮೂರು ಕಾರಣಗಳಿಂದ ನಗರಸಭೆಗೂ ಅರಮನೆಗೂ ವಿವಾದವು ತಪ್ಪಲಿಲ್ಲ.

ವಿವಾದದ ಆರಂಭದಲ್ಲಿ ಸಂಖ್ಯೆಯ ಮಾತೇ ಇಲ್ಲ. ಪಾಪದ ಮಾತು ಇದೆ. ೧೫೭೭ರ ನವೆಂಬರಿನಲ್ಲಿ ಥಾಮಸ್ ವೈಟ್ ಎಂಬ ಪಾದ್ರಿಯು ಸೇಂಟ್ ಪಾಲ್ ದೇವಾಲಯದ ಅಂಗಳದಲ್ಲಿ ಮಾಡಿದ ಧರ್ಮೋಪದೇಶದಲ್ಲಿ ಒಂದು ಅನುಮಾನವನ್ನು ಹೂಡಿದನು. ಮಾರಿಗೆ ಕಾರಣವು ಪಾಪ, ಪಾಪಕ್ಕೆ ಕಾರಣವು ನಾಟಕ, ಆದುದರಿಂದ ಮಾರಿಗೆ ಕಾರಣವು ನಾಟಕವೆಂದು ಅವನ ಸಿದ್ಧಾಂತ. ತರ್ಕಸಂಗ್ರಹವನ್ನು ಓದಿದ ಬಾಲಕನೂ ಇದರ ದೋಷವನ್ನು ಹೇಳಬಲ್ಲನು. ಕಾರಣವಿಲ್ಲದೆಡೆಯಲ್ಲಿ ಕಾರ್ಯವು ಕಂಡರೆ ಅದು ವ್ಯತಿರೇಕವ್ಯಭಿಚಾರ: ಲಂಡನ್ನಿನಲ್ಲಿ ಒಂದು ನಾಟಕಶಾಲೆಯೂ ಇಲ್ಲದಿದ್ದ ೧೫೬೩ರಲ್ಲಿ ಹದಿನೇಳು ಸಾವಿರಕ್ಕೂ ಮಿಕ್ಕ ಜನರು ಪ್ಲೇಗಿಗೆ ತುತ್ತಾಗಿದ್ದರು. ಕಾರಣವಿದ್ದೆಡೆಯಲ್ಲಿ ಕಾರ್ಯವು ಕಾಣದಿದ್ದರೆ ಅದು ಅನ್ವಯವ್ಯಭಿಚಾರ: ೧೫೯೪ರಿಂದ ೧೬೦೨ರವರೆಗೆ ನಾಟಕಗಳು ಹಿಂದೆಂದೂ ಇಲ್ಲದಷ್ಟು ವಿಜೃಂಭಿಸಿದುವು, ಮಾರಿಯು ಬಹುಮಟ್ಟಿಗೆ ಅಡಗಿದ್ದಿತು. ಎರಡನೆಯ ಉದಾಹರಣೆಯು ವೈಟನ ಕಾಲಕ್ಕೆ ಮುಂದೆ ಬರಬೇಕಾದುದು. ಮೊದಲನೆಯದಾದರೋ ಅವನ ಶ್ರೋತೃಗಳಲ್ಲಿ ಅನೇಕರು ಕಣ್ಣಾರೆ ಕಂಡುದೇ ಆಗಿದ್ದಿತು.

ಹೀಗೆಂದು ಆ ಪಾದ್ರಿಯನ್ನು ಹಳಿಯುವುದು ಉಚಿತವಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸವನ್ನು ಹೇಳುವಾಗ ವಾಯು, ಉದಕ, ದೇಶ, ಕಾಲಗಳ ವಿಕೃತಿಯನ್ನು ಹೇಳಿ, ಆ ವಿಕೃತಿಗೆ ಮೂಲವು ಅಧರ್ಮವೆಂದೇ ನಿರ್ಣಯಿಸಿದೆ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಮಾತ್ರ ದೇಹಸ್ಪರ್ಶ, ನಿಃಶ್ವಾಸ, ಸಹಭೋಜನ, ಒಂದೇ ಹಾಸಿಗೆ, ಒಂದೇ ಆಸನ, ಇನ್ನೊಬ್ಬರ ವಸ್ತ್ರಮಾಲ್ಯಗಳು ಇವುಗಳಿಂದ ಕೆಲವು ರೋಗಗಳು ಒಬ್ಬರಿಂದೊಬ್ಬರಿಗೆ ದಾಟುವುವೆಂದು ಸ್ಪಷ್ಟವಾಗಿ ಎಣಿಸಿದೆ. ಅದೃಷ್ಟಹೇತುವೂ ದೃಷ್ಟಹೇತುವೂ ಹೀಗೆ ಪಕ್ಕಪಕ್ಕದಲ್ಲಿರುವುದು ಎಲ್ಲ ದೇಶಗಳಲ್ಲಿಯೂ ಉಂಟು. ಲಂಡನ್ ನಗರಸಭೆಯವರು ಎರಡನ್ನೂ ಒಟ್ಟಿಗೆ ಹಿಡಿದಿದ್ದರು. ಮಾರೀಕಾಲದಲ್ಲಿ ಆಡಿದರೆ ಸೋಂಕಿನಿಂದ ರೋಗವು ಹೆಚ್ಚುವುದು, ಮಾರಿಯಿಲ್ಲದ ಕಾಲದಲ್ಲಿ ಆಡಿದರೆ ದೈವಕೋಪದಿಂದ ಮಾರಿಯು ಬರುವುದು ಎಂದು ಅವರ ವಾದ. ಇದನ್ನು ಒಪ್ಪಿದರೆ ನಟರಿಗೆ ಆಡುವ ಕಾಲವೇ ಉಳಿಯುವುದಿಲ್ಲವಷ್ಟೆ!

ದೃಷ್ಟಹೇತುವನ್ನು ಹಿಡಿದಾಗ ಅದೇ ನಗರಸಭೆಯವರ ಮಾತು ಬಹು ಸೂಕ್ಷ್ಮವಾಗುತ್ತದೆ. ೧೫೮೩ರ ಮೇ ೩ರಲ್ಲಿ ಮೇಯರನು ರಾಜ್ಯಕಾರ್ಯದರ್ಶಿಯಾದ ವಾಲ್ಸಿಂಗ್‌ಹ್ಯಾಮನಿಗೆ ಬರೆದ ಪತ್ರದಲ್ಲಿ, ಮೈಮೇಲೆ ಒಸರುವ ಹುಣ್ಣುಗಳುಳ್ಳ ಸೋಂಕಿನವರು ಈ ಗುಂಪುಗಳಿಗೆ ಬರುತ್ತಾರೆ, ಅವರಲ್ಲಿ ಕೆಲವರನ್ನು ಎಷ್ಟು ಎಚ್ಚರದಿಂದ ನೋಡಿದರೂ ಗುರುತಿಸುವುದು ಅಸಾಧ್ಯವೆಂದು ತಿಳಿಸಿದ್ದಾನೆ. ಕಟ್ಟಡಗಳ ದೌರ್ಬಲ್ಯವನ್ನೂ ಅದೇ ಪತ್ರದಲ್ಲಿ ಸೇರಿಸಿದ್ದಾನೆ. ಆ ವರ್ಷ ಜನವರಿ ೧೩ರಂದು ಪ್ಯಾರಿಸ್ ಗಾರ್ಡನ್ನಿನ ಕರಡಿಕಾಳಗದ ಅಟ್ಟವು ಕುಸಿದು ಎಂಟು ಮಂದಿ ಸತ್ತಿದ್ದರು.

ಮುಂದಿನ ವರ್ಷದ ಸುಮಾರಿನಲ್ಲಿ ರಾಣಿಯ ನಟಮಂಡಲಿಯವರು ಪ್ರಿವಿ ಕೌನ್ಸಿಲಿಗೆ ಅರ್ಜಿಯನ್ನು ಕೊಟ್ಟರು. ಚಳಿಗಾಲವು ಬಂದಿತು, ಊರ ಹೊರಗೆ ಆಡುವುದು ಸಾಗದು, ಜೀವನಕ್ಕೆ ದಾರಿಯಾಗಬೇಕು, ಪ್ಲೇಗಿನಿಂದ ಸಾಯುವವರು ವಾರಕ್ಕೆ ಐವತ್ತರ ಒಳಗಿದ್ದರೆ ಆಡಗೊಡಬೇಕು ಎಂಬುದು ಅವರ ಕೋರಿಕೆಯ ಸಾರ. ಇದಕ್ಕೆ ನಗರಸಭೆಯವರು ಕೊಟ್ಟ ಉತ್ತರವೇ ಈ ಸಂಪೂರ್ಣ ಚರಿತ್ರೆಯಲ್ಲಿ ಅತ್ಯಂತ ಬೆಲೆಯುಳ್ಳ ಬರಹವೆನ್ನಬೇಕು. ಕೆಲವರ ಲಾಭಕ್ಕಾಗಿ ವಾರಕ್ಕೆ ಐವತ್ತು ಪ್ರಾಣಗಳನ್ನು ಅಲ್ಪವೆಂದು ಎಣಿಸುವುದು ದಯಾಹೀನವೆಂದು ಮೊದಲು ಆಕ್ಷೇಪಿಸಿದರು. ಅನಂತರ, ಸಂಖ್ಯೆಯೇ ಬೇಕಾದರೆ ಬೇರೊಂದು ದಾರಿಯಿದೆಯೆಂದು ಹೀಗೆ ವಾದಿಸಿದರು: ಮಾರಿಯಿಲ್ಲದ ಕಾಲದಲ್ಲಿ ಲಂಡನ್ನಿನಲ್ಲಿ ವಾರಕ್ಕೆ ನಾಲ್ವತ್ತರಿಂದ ಐವತ್ತು ಮಂದಿ, ಬಹುವಾಗಿ ನಾಲ್ವತ್ತಕ್ಕೂ ಕಡಮೆ, ಸಾಯುವುದು ವಾಡಿಕೆಯೆಂದು ಲೆಕ್ಕದ ಪುಸ್ತಕಗಳು ತೋರಿಸುತ್ತವೆ, ಅದಕ್ಕೆ ಮಿಕ್ಕುದೆಲ್ಲವನ್ನೂ ಮಾರಿಯ ಪಾಲೆಂದೇ ತಿಳಿಯತಕ್ಕದ್ದು, ಆದುದರಿಂದ ಸಕಲ ರೋಗಗಳಿಂದಲೂ ಸತ್ತವರ ಒಟ್ಟು ಸಂಖ್ಯೆಯು ಇಪ್ಪತ್ತು ದಿನಗಳ ಕಾಲ ವಾರಕ್ಕೆ ಐವತ್ತರ ಒಳಗೆ ನಿಂತಿದ್ದರೆ ಮಾತ್ರ ತೆರೆಯಬಹುದು, ಹಾಗೆ ನಿಂತಿರುವವರೆಗೆ ಮಾತ್ರ ಆಡಬಹುದು. ಇದರೊಡನೆ ಇತರ ಕಟ್ಟುಗಳನ್ನೂ ಹಾಕಿದರು. ಭಾನುವಾರ ಆಟ ಕೂಡದು, ಕತ್ತಲೆಯಲ್ಲಿ ಕೂಡದು, ನೋಡುವವರು ಸೂರ್ಯಾಸ್ತಕ್ಕೆ ಮುಂಚೆ ಮನೆ ಸೇರುವಂತೆ ಮುಗಿಸಬೇಕು, ರಾಣಿಯ ಮಂಡಲಿಯವರ ಹೊರತು ಇತರರಿಗೆ ಅನುಮತಿಯಿಲ್ಲ, ಅವರ ಹೆಸರುಗಳನ್ನೂ ಬರೆದುಕೊಡಬೇಕು, ಇವುಗಳಲ್ಲಿ ಯಾವುದನ್ನು ಮೀರಿದರೂ ಅನುಮತಿಯು ರದ್ದು.

ಐವತ್ತು ಎಂಬ ಶಬ್ದವೊಂದೇ; ಅರ್ಥಗಳು ಎರಡು. ನಟರ ಐವತ್ತು ಪ್ಲೇಗಿನ ಮರಣಗಳದು, ನಗರಸಭೆಯ ಐವತ್ತು ಸರ್ವಮರಣಗಳದು. ಈ ಭೇದವು ಕೇವಲ ಲೆಕ್ಕದ್ದಲ್ಲ. ಪ್ಲೇಗು ಹೊಕ್ಕ ಮನೆಯನ್ನು ಮನೆಯವರೊಡನೆ ಮುಚ್ಚಿಬಿಡುತ್ತಿದ್ದುದರಿಂದ ರೋಗದ ಹೆಸರನ್ನು ಮರೆಸುವುದಕ್ಕೆ ಎಲ್ಲರಿಗೂ ಕಾರಣವಿದ್ದಿತು. ಹೆಣವನ್ನು ನೋಡಿ ರೋಗದ ಹೆಸರನ್ನು ಹೇಳುತ್ತಿದ್ದವರು ವೈದ್ಯರಲ್ಲ. ಆಯಾ ಪ್ಯಾರಿಷಿನವರು ನೇಮಿಸಿದ ಬಡ ಮುದುಕಿಯರು. ಅವರ ಹೇಳಿಕೆಗಳನ್ನು ಚರ್ಚಿನ ಗುಮಾಸ್ತರು ಕೂಡಿಸಿ ಗುರುವಾರಗಳಂದು ಮರಣಪಟ್ಟಿಯನ್ನು ಹೊರಡಿಸುತ್ತಿದ್ದರು. ಈ ಪಟ್ಟಿಗಳನ್ನೇ ಶೋಧಿಸಿ ೧೬೬೨ರಲ್ಲಿ ಗ್ರಂಥವನ್ನು ಪ್ರಕಟಿಸಿದ ಜಾನ್ ಗ್ರಾಂಟನು ಆ ಮುದುಕಿಯರ ಮಾತು ಒಂದು ಬಟ್ಟಲು ಮದ್ಯಕ್ಕೂ ಚಿಲ್ಲರೆ ಹಣಕ್ಕೂ ಬದಲಾಗುತ್ತಿತ್ತೆಂದು ಹೇಳಲು ಹಿಂಜರಿಯಲಿಲ್ಲ. ೧೬೨೫ರಲ್ಲಿ ಪ್ಲೇಗಿನಿಂದ ಸುಮಾರು ಮೂವತ್ತೈದು ಸಾವಿರ, ಇತರ ರೋಗಗಳಿಂದ ಹದಿನೆಂಟು ಸಾವಿರ ಮಂದಿ ಸತ್ತರೆಂದು ಪಟ್ಟಿಯಿರಲು, ಸಾಮಾನ್ಯ ವರ್ಷದಲ್ಲಿ ಇತರ ರೋಗಗಳ ಮರಣವು ಏಳೆಂಟು ಸಾವಿರವಾದುದರಿಂದ ಉಳಿದ ಸುಮಾರು ಹತ್ತು ಸಾವಿರಕ್ಕೂ ಹೆಚ್ಚು ಮರಣಗಳು ಮರೆಸಿದ ಪ್ಲೇಗೇ ಎಂದು ಅವನು ನಿರ್ಣಯಿಸಿದನು. ಗ್ರಾಂಟನನ್ನು ಜನಸಂಖ್ಯಾಶಾಸ್ತ್ರದ ಪ್ರವರ್ತಕನೆಂದು ಹೊಗಳುವುದು ನ್ಯಾಯವೇ. ಆದರೆ ವಾಡಿಕೆಯ ಮರಣವನ್ನು ಕಳೆದು ಮಿಕ್ಕುದನ್ನು ಮಾರಿಗೆ ಹಚ್ಚುವ ಯುಕ್ತಿಯು ಅವನಿಗಿಂತ ಎಪ್ಪತ್ತು ವರ್ಷಗಳಿಗೂ ಹಿಂದೆ, ನಾಟಕಶಾಲೆಯ ಬಾಗಿಲಿನ ಜಗಳದಲ್ಲಿ, ಹೆಸರಿಲ್ಲದ ನಗರಸಭೆಯ ಬರಹಗಾರರಿಗೆ ಹೊಳೆದಿದ್ದಿತು. ಕೋವಿಡ್ ಮಾರಿಯ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ೨೦೨೦ ಮತ್ತು ೨೦೨೧ರಲ್ಲಿ ಲೋಕದಲ್ಲೆಲ್ಲ ಒಂದು ಕೋಟಿ ೪೯ ಲಕ್ಷ ಅಧಿಕಮರಣಗಳಾದುವೆಂದು ೨೦೨೨ರಲ್ಲಿ ಅಂದಾಜುಮಾಡಿದುದೂ ಇದೇ ಯುಕ್ತಿಯಿಂದ.

ನಟರ ಕಷ್ಟವನ್ನೂ ಇಲ್ಲಿ ಹೇಳತಕ್ಕದ್ದು. ೧೫೯೨ರ ಬೇಸಗೆಯಿಂದ ೧೫೯೪ರ ಬೇಸಗೆಯವರೆಗೆ, ನಡುವೆ ಕೆಲವು ವಾರಗಳ ಹೊರತು, ಶಾಲೆಗಳು ಮುಚ್ಚಿದ್ದವು. ರೋಸ್ ಶಾಲೆಯನ್ನು ತೆರೆಯಿಸಬೇಕೆಂದು ಅರ್ಜಿ ಕೊಟ್ಟವರಲ್ಲಿ ಥೇಮ್ಸ್ ನದಿಯ ದೋಣಿಯವರೂ ಇದ್ದರು. ಪ್ರೇಕ್ಷಕರನ್ನು ದಾಟಿಸಿದರೆ ಮಾತ್ರ ಅವರಿಗೆ ಕೂಳು. ಮಂಡಲಿಗಳು ಪರಸ್ಥಳಗಳಿಗೆ ಹೊರಟುವು. ಪ್ರಸಿದ್ಧ ನಟನಾದ ಎಡ್ವರ್ಡ್ ಆಲೆನ್ನನು ೧೫೯೩ರ ಆಗಸ್ಟ್ ೧ರಂದು ಬ್ರಿಸ್ಟಲಿನಿಂದ ಹೆಂಡತಿಗೆ ಬರೆದ ಕಾಗದವು ಉಳಿದಿದೆ. ಮನೆಯನ್ನು ಚೊಕ್ಕಟವಾಗಿಟ್ಟಿರು, ಪ್ರತಿಸಾಯಂಕಾಲವೂ ಬಾಗಿಲ ಮುಂದೆಯೂ ಹಿತ್ತಿಲಲ್ಲಿಯೂ ನೀರು ಚೆಲ್ಲು, ಕಿಟಕಿಗಳಲ್ಲಿ ಕಟುಗಂಧದ ಸೊಪ್ಪನ್ನು ಇಡು ಎಂದು ಬರೆದು, ಕಾಲುಚೀಲಕ್ಕೆ ಕಪ್ಪು ಬಣ್ಣ ಹಾಕಿಸುವುದನ್ನೂ ಹಿತ್ತಿಲ ಪಾತಿಯಲ್ಲಿ ಬಸಲೆಯಂತಹ ಒಂದು ಸೊಪ್ಪನ್ನು ಬಿತ್ತಿಸುವುದನ್ನೂ ಅವನು ಮರೆತಿಲ್ಲ. ಆ ವರ್ಷ ನಗರದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ಜನರು ಪ್ಲೇಗಿನಿಂದ ಸತ್ತರು. ಷೇಕ್ಸ್‌ಪಿಯರನು ತನ್ನ ಎರಡು ಕಥನಕಾವ್ಯಗಳನ್ನು ೧೫೯೩ರಲ್ಲಿಯೂ ೧೫೯೪ರಲ್ಲಿಯೂ ಅಚ್ಚುಹಾಕಿಸಿ ಒಬ್ಬ ಪ್ರಭುವಿಗೆ ಅರ್ಪಿಸಿದುದು ಈ ಅವಧಿಯಲ್ಲಿಯೇ ಎಂಬುದನ್ನು ಸ್ಮರಿಸಬೇಕು.

೧೫೯೩ರ ಜನವರಿ ೨೮ರ ನಿಷೇಧಾಜ್ಞೆಯು ನಾಟಕ, ಕರಡಿಕಾಳಗ, ಚೆಂಡಾಟ ಮೊದಲಾದ ಸಮಸ್ತ ಜನಸಮೂಹಗಳನ್ನೂ ತಡೆದು, ಚರ್ಚಿನ ಉಪದೇಶಕ್ಕೂ ಪೂಜೆಗೂ ಮಾತ್ರ ವಿನಾಯಿತಿಯನ್ನು ಕೊಟ್ಟಿತು. ಸಮೂಹವೇ ಹೇತುವಾದರೆ ಸಮೂಹತ್ವವು ಚರ್ಚಿನಲ್ಲಿಯೂ ಸಮಾನವಷ್ಟೆ. ಅದೃಷ್ಟಹೇತುವು ಇನ್ನೂ ಬಿಟ್ಟುಹೋಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಡ.

೧೬೦೪ರಲ್ಲಿ ನಿಂತ ನಿಯಮವು ನಟರ ರೀತಿಯನ್ನೇ ಹಿಡಿದು ಪ್ಲೇಗಿನ ಮರಣವನ್ನು ಎಣಿಸಿತು; ಸಂಖ್ಯೆಯನ್ನು ಮಾತ್ರ ಐವತ್ತರಿಂದ ಮೂವತ್ತಕ್ಕೆ ಇಳಿಸಿತು. ಇಪ್ಪತ್ತು ದಿನ ಕಾಯುವ ಮಾತು ಬಿಟ್ಟುಹೋಯಿತು. ಆದರೆ ಮುಚ್ಚಿದ ಕಾಲದಲ್ಲಿ ನಟರು ಉಣ್ಣುವುದೇನು ಎಂಬ ಪ್ರಶ್ನೆಗೂ ಅರಮನೆಯು ಕಿವುಡಾಗಿರಲಿಲ್ಲ. ಅದೇ ವರ್ಷ ಫೆಬ್ರವರಿ ೮ರಂದು ತನ್ನ ಮಂಡಲಿಯ ಪೋಷಣೆಗಾಗಿ ದೊರೆಯು ರಿಚರ್ಡ್ ಬರ್ಬೇಜನಿಗೆ ೩೦ ಪೌಂಡುಗಳನ್ನು ಕೊಡಿಸಿದ್ದನು. ೧೬೦೯ರಲ್ಲಿ ಸೋಂಕಿನ ಕಾಲದ ಖಾಸಗಿ ಅಭ್ಯಾಸಕ್ಕೆಂದು ಅದೇ ಮಂಡಲಿಗೆ ೪೦ ಪೌಂಡುಗಳು ಸಂದುವು. ರಾಜಾಶ್ರಯವಿಲ್ಲದ ಬಡ ಮಂಡಲಿಗಳಿಗೆ ಈ ಭಾಗ್ಯವಿರಲಿಲ್ಲ. ೧೬೧೯ರ ಮಾರ್ಚಿ ತಿಂಗಳಲ್ಲಿ ದೊರೆಯ ಮಂಡಲಿಗೆ ಕೊಟ್ಟ ಹೊಸ ಸನ್ನದಿನಲ್ಲಿ ವಾರದ ಎಲ್ಲೆಯು ೪೦ಕ್ಕೆ ಏರಿತು. ವೈದ್ಯಶಾಸ್ತ್ರದಲ್ಲಿ ಯಾವ ಹೊಸ ಸತ್ಯವೂ ಆ ನಡುವೆ ಕಂಡುಹಿಡಿಯಲ್ಪಟ್ಟಿರಲಿಲ್ಲ.

ಆ ನಿಯಮದ ಬಲವೂ ದೌರ್ಬಲ್ಯವೂ ೧೬೩೬ ಮತ್ತು ೧೬೩೭ರಲ್ಲಿ ಚೆನ್ನಾಗಿ ಕಾಣುತ್ತವೆ. ವಿನೋದಾಧಿಕಾರಿಯಾದ ಹೆನ್ರಿ ಹರ್ಬರ್ಟನ ಕಚೇರಿಯ ಪುಸ್ತಕದಂತೆ, ಪ್ಲೇಗಿನ ಸಂಖ್ಯೆಯು ನಗರದೊಳಗೆ ೪, ಎಲ್ಲ ಕಡೆಯೂ ಸೇರಿ ೫೪ ಆದಾಗ, ೧೬೩೬ರ ಮೇ ೧೨ರಂದು ಆಟಗಳು ನಿಂತುವು. ಒಳಗಣ ನಾಲ್ಕನ್ನೇ ಹಿಡಿದಿದ್ದರೆ ಮುಚ್ಚಬೇಕಾಗಿರಲಿಲ್ಲ. ಎಲ್ಲೆಯನ್ನು ಎಲ್ಲಿ ಎಳೆಯಬೇಕೆಂಬುದೂ ಸಂಖ್ಯೆಯ ಒಂದು ಅಂಗವೇ. ೧೬೩೭ರ ಫೆಬ್ರವರಿ ೨೩, ಗುರುವಾರ, ಪಟ್ಟಿಯು ೪೪ಕ್ಕೆ ಇಳಿಯಿತು. ಸನ್ನದಿನ ನಾಲ್ವತ್ತಕ್ಕೆ ಇನ್ನೂ ನಾಲ್ಕು ಹೆಚ್ಚಿದ್ದರೂ ದೊರೆಯು ಅನುಮತಿಯನ್ನಿತ್ತನು. ಮರುದಿನವೇ ಆಟಗಳು ಆರಂಭವಾದುವು. ಸುಮಾರು ಒಂದು ವಾರದಲ್ಲಿ ರೋಗವು ಏರಿತು. ಬಾಗಿಲುಗಳು ಪುನಃ ಮುಚ್ಚಿ, ಅಕ್ಟೋಬರ್ ೨ರವರೆಗೆ ತೆರೆಯಲಿಲ್ಲ. ಇಪ್ಪತ್ತು ದಿನ ಕಾಯಬೇಕೆಂಬ ಹಳೆಯ ನಗರಸಭೆಯ ಷರತ್ತು ಇದ್ದಿದ್ದರೆ ಆ ಒಂದು ವಾರದ ಆಟವು ನಡೆಯುತ್ತಲೇ ಇರಲಿಲ್ಲ.

ಪ್ಲೇಗಿನ ಸೂಕ್ಷ್ಮಜೀವಿಯನ್ನು ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನನು ಕಂಡುಹಿಡಿದನು. ಇಲಿಯ ಚಿಗಟವು ಅದನ್ನು ಸಾಗಿಸುವುದೆಂದು ೧೮೯೮ರಲ್ಲಿ ಸೈಮಂಡನು ತೋರಿಸಿದನು. ೧೬೬೫ರ ಲಂಡನ್ ಮಾರಿಯೂ ಅದೇ ಜೀವಿಯಿಂದಾದುದೆಂದು ಸಮಾಧಿಯ ಅಸ್ಥಿಗಳಿಂದ ೨೦೧೬ರಲ್ಲಿ ನಿಶ್ಚಯವಾಯಿತು. ಆದುದರಿಂದ ಪ್ರೇಕ್ಷಕರ ಒತ್ತಿನಿಂದಲೇ ರೋಗವು ಹಬ್ಬುವುದೆಂಬ ನಂಬಿಕೆಯು ಪ್ಲೇಗಿನ ಮಟ್ಟಿಗೆ ಅರ್ಧಸತ್ಯವು. ಉಸಿರಿನಿಂದ ಹಬ್ಬುವ ಕೋವಿಡಿಗೆ ಅದು ಹೆಚ್ಚು ಸಲ್ಲುತ್ತದೆ. ಕರ್ನಾಟಕದಲ್ಲಿ ೨೦೨೧ರ ಅಕ್ಟೋಬರ್ ೧ರಿಂದ ಚಿತ್ರಮಂದಿರಗಳ ಎಲ್ಲ ಆಸನಗಳನ್ನೂ ತುಂಬಲು ಅನುಮತಿಯನ್ನು ಕೊಟ್ಟಾಗ, ಪರೀಕ್ಷಿತರಲ್ಲಿ ಸೋಂಕಿತರು ನೂರಕ್ಕೆ ಒಬ್ಬರಿಗಿಂತ ಕಡಮೆಯಿರುವ ಜಿಲ್ಲೆಗಳಿಗೆ ಮಾತ್ರ ಅದು ಸಲ್ಲುವುದೆಂದೂ, ಇಬ್ಬರನ್ನು ಮೀರಿದರೆ ಮುಚ್ಚುವುದೆಂದೂ, ಬರುವವರು ಒಂದು ಬಾರಿಯಾದರೂ ಲಸಿಕೆ ಹಾಕಿಸಿಕೊಂಡಿರಬೇಕೆಂದೂ ವಿಧಿಸಲಾಗಿತ್ತು. ಸತ್ತವರನ್ನಲ್ಲದೆ ಬದುಕಿರುವ ಸೋಂಕಿತರನ್ನು ಎಣಿಸಿದುದು ಇಲ್ಲಿಯ ವಿಶೇಷ. ಎಷ್ಟು ನೋಡಿದರೂ ಗುರುತಿಸಲಾಗದೆಂದು ೧೫೮೩ರ ಮೇಯರನು ಕೈಚೆಲ್ಲಿದ್ದುದು ಇವರನ್ನೇ ಕುರಿತು.

೧೬೬೫ರ ಮಹಾಮಾರಿಯಲ್ಲಿ ಪಟ್ಟಿಯ ಪ್ರಕಾರವೇ ೬೮,೫೯೬ ಮಂದಿ ಪ್ಲೇಗಿನಿಂದ ಸತ್ತರು. ಆ ವರ್ಷ ಜೂನ್ ೫ರಂದು ಮುಚ್ಚಿದ ಶಾಲೆಗಳು ಮರುವರ್ಷದ ಕೊನೆಯವರೆಗೂ ತೆರೆಯಲಿಲ್ಲ. ೧೬೬೬ರ ನವೆಂಬರ್ ೨೦ರಂದು ಮಾರಿಯು ನಿಂತಿತೆಂದು ಚರ್ಚುಗಳಲ್ಲಿ ದೇವರಿಗೆ ಕೃತಜ್ಞತೆಯನ್ನು ಸಲ್ಲಿಸಿದರು. ಸ್ಯಾಮ್ಯುಯೆಲ್ ಪೀಪ್ಸನು ಆ ದಿನದ ದಿನಚರಿಯಲ್ಲಿ ಊರಿನವರ ಆಡಿಕೆಯನ್ನು ಬರೆದಿಟ್ಟಿದ್ದಾನೆ: ರೋಗವು ಪೂರ್ತಿ ಅಡಗುವವರೆಗೆ ನಾಟಕವನ್ನು ಬಿಷಪ್ಪರು ಒಪ್ಪುತ್ತಿರಲಿಲ್ಲವಾದುದರಿಂದ, ಆಟಗಳಿಗೆ ಎಡೆಯಾಗಲೆಂದೇ ಈ ಕೃತಜ್ಞತಾಪೂಜೆಯನ್ನು ಅವಸರಪಡಿಸಿದರೆಂದು ಜನರು ಹೇಳುತ್ತಿದ್ದರಂತೆ. ಕೆಲವರು ಅದೇ ರೋಗದಿಂದ ಆಗಲೂ ಮಲಗಿದ್ದರೆಂಬುದನ್ನೂ ಅವನು ಬರೆದಿದ್ದಾನೆ.